ಒಲೆಯ ಮೇಲಿನ ತೋಟಾ

1994ರ ಚುನಾವಣೆಗೆಂದು ಊರಿನ ಕೋವಿಗಳೆಲ್ಲ ಪೊಲೀಸ್ ಠಾಣೆ ಸೇರಿದ್ದವು. ಕೋವಿಯ ಹಳೇ ತೋಟಾ ಕೂಡಿಡುವ ನಾನು ದೇವಲಾಪುರದ ಬೀರಮ್ಮನವರ ಜಗಲಿಯಲ್ಲಿ ಕೂತು, ಅವರು ಕೊಟ್ಟ ಖಾಲಿ ತೋಟಾಗಳ ಹಿತ್ತಾಳೆ ತಳದ ಅಕ್ಷರ ಓದುತ್ತಿದ್ದೆ.

"ತುಂಬಿರೋದೂ ಒಂದದೆ. ನಮ್ಮೆಜಮಾನ್ರು ಸಾಯೋಕ್ ಮುಂಚೆ ಮದ್ದು ತುಂಬಿ ಮೇಣ ಮೆತ್ತಿದ್ದು. ತಂಡಿ ಇಡೀತದೆ ಅಂತ ಒಲೆ ಮೇಲ್ಗಡೆ ಗೂಡಲ್ಲಿ ಮಡಗಿವ್ನಿ," ಎಂದು ಮುದ್ದೆ ಕಟ್ಟಲು ಒಳಗೆ ಹೋದರು.

ಬೆಂಕಿಯ ಹತ್ತಿರವೇ? ಕೂಗುವಷ್ಟರಲ್ಲಿ ಒಳಗಿನಿಂದ ಕೋವಿಯ ಈಡಿನ ಸದ್ದು. ಓಡಿದೆ.

ಬೀರಮ್ಮ ಮುದ್ದೆ ಕಟ್ಟುತ್ತಿದ್ದರು. "ಯಾಕ್ಲಾ ಮಗ, ಅಂಗ್ ಬೆವ್ತಿದ್ದೀಯ? ಅಸಿವಾ?"

ಅವರಿಗೇನೂ ಆಗಿರಲಿಲ್ಲ. ನಾನು ನಗುತ್ತ ಅಲ್ಲೇ ಕೂತೆ. ಎರಡು ಮುದ್ದೆ ಉಂಡೆ.

ಆಮೇಲೆ ಗೂಡಿನ ತೋಟಾ ತೆಗೆದೆ. ಬಾವಿನೀರಿನಂತೆ ತಣ್ಣಗಿತ್ತು, ಖಾಲಿ ತೋಟಾದಷ್ಟೇ ಹಗುರ. ತಳದಲ್ಲಿ, ಈಡು ಹಾರಿಸುವಾಗ ಕೋವಿಯ ಕುದುರೆ ಬಡಿದು ಬೀಳುವಂಥ ಹೊಸ ಗುಳಿ. ಬಾಯಿಯ ಮೇಣ ಮಾತ್ರ ಒಡೆದಿರಲಿಲ್ಲ. ಯಜಮಾನರ ಹೆಬ್ಬೆರಳ ಗುರುತು ಹಾಗೇ ಇತ್ತು.