ಸೋಮವಾರಕ್ಕೆ ನಿಂತುಹೋದ ಇಂಗ್ಲಿಷ್

ಶುಕ್ರವಾರ ಸಂಜೆ ತರಗತಿ ಮುಗಿದು ನಾದಿನಿ ಕುರ್ಚಿಗಳನ್ನು ಪೇರಿಸುತ್ತಿದ್ದಾಗ, ಹೊಲಿಗೆಯವಳು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ಬಂದವಳೇ ಬೆಂಚಿನ ಮೇಲೆ ಕುಸಿದು ಕೂತು, "ಟೀಚರ್, ನನ್ನ ಕೆಲ್ಸ ಹೋಯ್ತು. ಸಿಗೋಕೆ ಮುಂಚೆನೇ ಹೋಯ್ತು!" ಎಂದು ಅಳತೊಡಗಿದಳು.

ಟೀಚರ್ ಶಾಲೆಯ ಕೆಲಸದಿಂದ ನಿವೃತ್ತರಾದ ಮೇಲೆ ಔಷಧಿ ಅಂಗಡಿಯ ಮೇಲಿನ ಈ ಹಾಲ್‌ನಲ್ಲಿ ದೊಡ್ಡವರಿಗೆ ಇಂಗ್ಲಿಷ್ ಮಾತಾಡಲು ಕಲಿಸುತ್ತಿದ್ದರು. ಬೀದಿಯವರಿಗೆ ಅವರು ಇನ್ನೊಂದು ಕಾರಣಕ್ಕೂ ಬೇಕಾದವರು. ಏನಾದರೂ ಕಳೆದುಹೋದರೆ, ಯಾರಾದರೂ ಸುಳ್ಳು ಹೇಳಿದರೆ, ಜನ ಪೊಲೀಸ್ ಠಾಣೆಗಿಂತ ಮೊದಲು ಈ ಮೆಟ್ಟಿಲು ಹತ್ತುತ್ತಿದ್ದರು. ಟೀಚರ್ ಗಂಡನ ತಂಗಿ, ಅಂದರೆ ನಾದಿನಿ, ಅವರ ಜೊತೆಗೇ ಇದ್ದು ತರಗತಿಯ ಕೆಲಸವನ್ನೆಲ್ಲ ನೋಡಿಕೊಳ್ಳುತ್ತಿದ್ದಳು. ಪತ್ತೇದಾರಿಕೆಯಲ್ಲಿ ಅರ್ಧ ಪಾಲು ತನ್ನದೇ ಎಂಬುದು ಅವಳ ಗಟ್ಟಿ ನಂಬಿಕೆ.

"ಮೊದ್ಲು ನೀರು ಕುಡಿ. ಆಮೇಲೆ ಹೇಳು," ಎಂದರು ಟೀಚರ್.

ಅದೇ ತರಗತಿಯಲ್ಲಿ ಕಲಿಯುತ್ತಿದ್ದ ಹೊಲಿಗೆಯವಳು ಗಂಡನನ್ನು ಕಳೆದುಕೊಂಡವಳು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದಿನವಿಡೀ ಕಾಲರ್ ಹೊಲಿದು ಅತ್ತೆಯನ್ನೂ ಪುಟ್ಟ ಮಗಳನ್ನೂ ಸಾಕುತ್ತಿದ್ದಳು. ದೊಡ್ಡ ಹೋಟೆಲಿನ ಸ್ವಾಗತದ ಮೇಜಿನಲ್ಲಿ ಎರಡು ಹುದ್ದೆ ಖಾಲಿ ಇದ್ದವು. ಮೊದಲ ಸಂದರ್ಶನದಲ್ಲಿ ಅವಳು ಗೆದ್ದಿದ್ದಳು, ಕೊನೆಯದು ಇವತ್ತು ಇತ್ತು. ಹೋದರೆ ಮ್ಯಾನೇಜರ್ ಒಳಗೇ ಬಿಡಲಿಲ್ಲವಂತೆ. "ನಿನ್ನೆ ನೀವೇ ಫೋನ್ ಮಾಡಿ ನೈಟ್ ಡ್ಯೂಟಿಗೆ ಹೆದರ್ತೀನಿ, ಕೆಲ್ಸ ಬೇಡ ಅಂದ್ರಲ್ಲ" ಎಂದು ವಾಪಸ್ ಕಳಿಸಿದ್ದರು.

"ನಾನು ಮಾಡೇ ಇಲ್ಲ ಟೀಚರ್! ನಿಂತಲ್ಲೇ ಅವರಿಗೆ ಹೇಳ್ದೆ, 'ಸರ್, ಐ ಆಮ್ ಟೆರಿಬ್ಲಿ ಸಾರಿ, ದಟ್ ವಾಸ್ ನಾಟ್ ಮಿ. ಐ ಆಮ್ ನಾಟ್ ಅಫ್ರೇಡ್ ಆಫ್ ನೈಟ್ ಡ್ಯೂಟಿ' ಅಂತ. ಕೇಳಿಸ್ಕೊಳ್ಳಲೇ ಇಲ್ಲ."

"ಕೆಲ್ಸದ ವಿಷಯ ಯಾರ್ಯಾರಿಗೆ ಗೊತ್ತಿತ್ತು?"

"ನಿಮ್ಮಿಬ್ಬರಿಗೆ. ಮನೇಲಿ ಅತ್ತೆಗೆ. ಸಿಗದೇ ಹೋದ್ರೆ ನಗೆಪಾಟಲು ಅಂತ ಕ್ಲಾಸಲ್ಲಿ ಯಾರಿಗೂ ಹೇಳಿಲ್ಲ. ಆ ಗುಂಗುರು ಕೂದಲಿನ ಹುಡುಗಿಗೆ ಮಾತ್ರ ಗೊತ್ತು. ಅವಳೂ ಅದೇ ಕೆಲ್ಸಕ್ಕೆ ಹಾಕಿದಾಳೆ. ಹೋಟೆಲಲ್ಲೇ ಪರಿಚಯ ಆಗಿ, ನಾನು ಹೇಳಿದ್ ಮೇಲೆ ಮಂಗಳವಾರ ಇಲ್ಲಿ ಸೇರಿದ್ಲು."

ನಾದಿನಿಯ ಕಿವಿ ನೆಟ್ಟಗಾಯಿತು.

"ಈ ವಾರ ಎಲ್ಲಿ ಅಭ್ಯಾಸ ಮಾಡ್ತಿದ್ದೆ?" ಟೀಚರ್ ಸಂಬಂಧವೇ ಇಲ್ಲದಂಥ ಪ್ರಶ್ನೆ ಹಾಕಿದರು.

"ಮಾಮೂಲಾಗಿ ಅಡುಗೆಮನೆಯಲ್ಲಿ, ಜೋರಾಗಿ ಹೇಳ್ಕೊಂಡು. ಸೋಮವಾರ ರಾತ್ರಿಯಿಂದ ಮಗಳಿಗೆ ಜ್ವರ, ಮಲಗಿರ್ತಾಳೆ. ಅದಕ್ಕೆ ಕಾರ್ಖಾನೆಯಲ್ಲೇ ಊಟದ ಬಿಡುವಲ್ಲಿ ಹೇಳ್ಕೋತಿದ್ದೆ. ಅತ್ತೆನೇ ಪಾಪ ಅವಳನ್ನ ನೋಡ್ಕೊಂಡು, ಕೆಳಗಿನ ಅಂಗಡಿಯಿಂದ ಔಷಧಿ ತರ್ತಿದ್ರು."

ಅವಳು ಹೋದ ಮೇಲೆ ನಾದಿನಿ ತಡೆಯಲಾರದೆ, "ಅತ್ತಿಗೆ, ಇದರಲ್ಲಿ ತಲೆ ಕೆಡಿಸ್ಕೊಳ್ಳೋದೇನಿದೆ? ಆ ಗುಂಗುರುದೇ ಕೈವಾಡ. ಒಬ್ಬಳು ತಪ್ಪಿದ್ರೆ ಅವಳ ದಾರಿ ಸಲೀಸು," ಎಂದಳು.

"ಹುದ್ದೆ ಎರಡಿದೆ ಕಣೆ," ಎಂದಷ್ಟೇ ಹೇಳಿ ಟೀಚರ್ ದೀಪ ಆರಿಸಿದರು.

ಮರುದಿನ ಬೆಳಿಗ್ಗೆ ಇಬ್ಬರೂ ಹೋಟೆಲಿಗೆ ಹೋದರು. ಮ್ಯಾನೇಜರ್ ಕೆಟ್ಟವರಲ್ಲ. ಮೋಸಹೋಗಿ ಮೋಸಹೋಗಿ ಬಿಗಿಯಾದ ಮನುಷ್ಯ. ಹೋಟೆಲಿಗೆ ಬರುವ ಕರೆಗಳೆಲ್ಲ ಧ್ವನಿಮುದ್ರಣವಾಗುತ್ತಿದ್ದವು. "ಕೇಳಿ, ಅವರೇ ಹೆಸರು ಹೇಳಿದಾರೆ. ಪಾಪದ ಹೆಂಗಸು, ಧೈರ್ಯ ಸಾಲಲಿಲ್ಲ ಅನ್ಸುತ್ತೆ," ಎಂದು ಗುಂಡಿ ಒತ್ತಿದರು.

ಬಾಯಿಗೆ ಬಟ್ಟೆ ಅಡ್ಡ ಹಿಡಿದಂಥ ಪಿಸುದನಿ. ಹೆಣ್ಣಿನದು ಎನ್ನುವುದಷ್ಟೇ ತಿಳಿಯುತ್ತಿತ್ತು. ಮೊದಲು ಹೊಲಿಗೆಯವಳ ಹೆಸರು. ಆಮೇಲೆ ಒಂದೇ ರಾಗದಲ್ಲಿ, ಮಗ್ಗಿ ಒಪ್ಪಿಸಿದ ಹಾಗೆ: "ಐ ಆಮ್ ಡೀಪ್ಲಿ ಗ್ರೇಟ್‌ಫುಲ್ ಟು ಯು. ಐ ಆಮ್ ಗುಡ್ ಇನ್ ಕುಕಿಂಗ್." ಇಲ್ಲಿ ದನಿ ತಡೆಯಿತು. "ಐ ಆಮ್ ಅಫ್ರೇಡ್ ಟು... ನೈಟ್ ಡ್ಯೂಟಿ. ಐ ಆಮ್ ಬಿಟರ್ಲಿ ಸಾರಿ. ನೋ ಜಾಬ್."

ಈ ತಪ್ಪುಗಳನ್ನು ನಾದಿನಿ ಬಲ್ಲಳು, ಹೊಲಿಗೆಯವಳ ಬಾಯಲ್ಲೇ ಕೇಳಿದ್ದಳು. ಸೋಮವಾರದ ಪಾಠ ಅವಳ ಕಣ್ಣಮುಂದೆ ಬಂತು. "ಇಂಗ್ಲಿಷಿನ ಗುಣವಾಚಕ ಒಂಟಿಯಾಗಿ ತಿರುಗೋ ಪೈಕಿ ಅಲ್ಲ," ಎಂದಿದ್ದರು ಟೀಚರ್. "ಅದಕ್ಕೆ ತನ್ನದೇ ಜೊತೆ ಬೇಕು. ನಾವು 'ಅಡುಗೆಯಲ್ಲಿ ಜಾಣೆ' ಅಂತೀವಿ. ಆ 'ಅಲ್ಲಿ'ಯನ್ನೇ ಹೊತ್ಕೊಂಡ್ ಹೋಗಿ 'ಗುಡ್ ಇನ್' ಅಂತೀವಿ. ಅವರದು 'ಗುಡ್ ಅಟ್'. 'ನಾಯಿಗೆ ಹೆದರ್ತೀನಿ' ಅನ್ನೋ 'ಗೆ' ಹೋಗಿ 'ಅಫ್ರೇಡ್ ಟು' ಆಗುತ್ತೆ. ಅವರದು 'ಅಫ್ರೇಡ್ ಆಫ್'." ಹೊಲಿಗೆಯವಳು "ಐ ಆಮ್ ಬಿಟರ್ಲಿ ಸಾರಿ" ಎಂದಾಗ ತರಗತಿಯೆಲ್ಲ ಗೊಳ್ಳೆಂದು ನಕ್ಕಿತ್ತು. "ಬಿಟರ್ಲಿ ಚಳಿಯ ಜೊತೆಗಾತಿ, 'ಬಿಟರ್ಲಿ ಕೋಲ್ಡ್' ಅನ್ನಿ. ಸಾರಿಗೆ 'ಟೆರಿಬ್ಲಿ' ಸಾಕು," ಎಂದು ಟೀಚರ್ ತಿದ್ದಿದ್ದರು.

ಅಂದರೆ ಹೊಲಿಗೆಯವಳೇ ಫೋನ್ ಮಾಡಿ, ಈಗ ಹೆದರಿ ಸುಳ್ಳು ಹೇಳುತ್ತಿದ್ದಾಳೆಯೇ?

"ಈ ಕರೆ ಎಲ್ಲಿಂದ ಬಂತು?" ಟೀಚರ್ ಕೇಳಿದರು.

ಮ್ಯಾನೇಜರ್ ಹೇಳಿದ ನಂಬರ್ ಔಷಧಿ ಅಂಗಡಿಯದು. ಗಿರಾಕಿಗಳು ಬಳಸಲೆಂದು ಅಂಗಡಿಯವನು ಕಟ್ಟೆಯ ಮೇಲಿಟ್ಟ ಫೋನ್. ಯಾರು ಮಾಡಿದರೆಂದು ಅವನಿಗೆ ನೆನಪಿರಲಿಲ್ಲ.

ಸಂಜೆ ಟೀಚರ್ ಎಲ್ಲರನ್ನೂ ಹಾಲ್‌ಗೆ ಕರೆಸಿದರು. ಮ್ಯಾನೇಜರ್ ಕೈಗಡಿಯಾರ ನೋಡುತ್ತ ಕೂತರು. ಗುಂಗುರು ಕೂದಲಿನ ಹುಡುಗಿ ಎಲ್ಲರ ಮೇಲೂ ಕೆಂಡ ಕಾರುತ್ತ ಕಿಟಕಿಯ ಬಳಿ ನಿಂತಳು. ಹೊಲಿಗೆಯವಳ ಪಕ್ಕ ಅತ್ತೆ. ಜ್ವರ ಬಿಟ್ಟ ಮೊಮ್ಮಗಳು ಅವರ ತೊಡೆಯ ಮೇಲೆಯೇ ನಿದ್ದೆ ಹೋಗಿದ್ದಳು.

"ಫೋನ್ ಮಾಡಿದವರು ಮಾತಾಡಿದ್ದು ಇಂಗ್ಲಿಷಲ್ಲ," ಟೀಚರ್ ಶುರುಮಾಡಿದರು. "ಒಬ್ಬರ ಇಂಗ್ಲಿಷ್‌ನ ನೆನಪು. 'ಗುಡ್ ಇನ್', 'ಅಫ್ರೇಡ್ ಟು' ಅಂತ ಯಾರು ಬೇಕಾದ್ರೂ ತಪ್ಪಬಹುದು. ಆದ್ರೆ 'ಬಿಟರ್ಲಿ ಸಾರಿ' ಅಂದಿದ್ದು ಈ ಕ್ಲಾಸಲ್ಲಿ ಇವಳೊಬ್ಬಳೇ. ಅದಕ್ಕೇ ಮೊದಲ ಅನುಮಾನ ಇವಳ ಮೇಲೇ ಬರುತ್ತೆ."

"ಟೀಚರ್!" ಎಂದಳು ಹೊಲಿಗೆಯವಳು.

"ತಡಿ. ಆ ತಪ್ಪುಗಳನ್ನ ಸೋಮವಾರ ತಿದ್ದಿದೀನಿ. ಫೋನ್ ಬಂದಿದ್ದು ಗುರುವಾರ. ಶುಕ್ರವಾರ, ಕಾಲಡಿ ನೆಲ ಕುಸಿದಂಥ ಹೊತ್ತಲ್ಲೂ ಇವಳು ಮ್ಯಾನೇಜರ್ ಎದುರು ಹೇಳಿದ್ದು 'ಟೆರಿಬ್ಲಿ ಸಾರಿ', 'ಅಫ್ರೇಡ್ ಆಫ್'. ಅಲ್ವಾ ಸರ್?"

ಮ್ಯಾನೇಜರ್ ನೆನಪಿಸಿಕೊಂಡು ತಲೆಯಾಡಿಸಿದರು.

"ಗಾಬರಿಯಲ್ಲಿ ಜನ ಕಲಿತಿದ್ದನ್ನ ಮರೀತಾರೆ. ಗಾಬರಿಯಲ್ಲೂ ಸರಿಯಾಗಿ ಹೇಳಿದವಳು ಹಿಂದಿನ ದಿನ ಮೂರೂ ತಪ್ಪು ಹೇಗೆ ಮಾಡ್ತಾಳೆ? ಹಾಗಾಗಿ ಇವಳಲ್ಲ."

"ಹಾಗಾದ್ರೆ ನಾನೇ ಅಂತೀರಾ?" ಗುಂಗುರು ಹುಡುಗಿ ಸಿಡುಕಿದಳು.

"ನೀನು ಸೇರಿದ್ದು ಮಂಗಳವಾರ ಕಣಮ್ಮ. ಅಷ್ಟೊತ್ತಿಗೆ ಇವಳು ಆ ತಪ್ಪುಗಳನ್ನ ಬಿಟ್ಟಿದ್ಲು. ನೀನು ಕೇಳಿಯೇ ಇಲ್ಲದ್ದನ್ನ ಅನುಕರಿಸೋಕೆ ಆಗಲ್ಲ."

ನಾದಿನಿ ತನ್ನ ಅನುಮಾನವನ್ನು ಸದ್ದಿಲ್ಲದೆ ನುಂಗಿಕೊಂಡಳು.

"ಕ್ಲಾಸಿನ ಮಿಕ್ಕವರಿಗೆ ಕೆಲ್ಸದ ವಿಷಯವೇ ಗೊತ್ತಿಲ್ಲ. ಉಳಿದಿದ್ದು ಒಂದೇ ಜಾಗ," ಟೀಚರ್ ದನಿ ಮೆತ್ತಗಾಯಿತು. "ಇವಳು ದಿನಾ ಜೋರಾಗಿ ಹೇಳ್ಕೊಳ್ತಿದ್ದ ಅಡುಗೆಮನೆ. ಮಗುವಿಗೆ ಜ್ವರ ಬಂತು, ಅಭ್ಯಾಸ ಕಾರ್ಖಾನೆಗೆ ಹೋಯ್ತು. ತಿದ್ದಿದ ಇಂಗ್ಲಿಷ್ ಮನೆಗೆ ಬರಲೇ ಇಲ್ಲ. ಆ ಮನೆಯಲ್ಲಿ ಇಂಗ್ಲಿಷ್ ಸೋಮವಾರಕ್ಕೇ ನಿಂತುಹೋಯ್ತು. ಕೇಳ್ಕೊಂಡು ಕೇಳ್ಕೊಂಡೇ ಅದನ್ನ ಬಾಯಿಪಾಠ ಮಾಡಿದವರು, ಔಷಧಿಗೆ ಅಂತ ಕೆಳಗಿನ ಅಂಗಡಿಗೆ ಬಂದವರು..."

ಅವರು ವಾಕ್ಯ ಮುಗಿಸಲಿಲ್ಲ. ಯಾರ ಕಡೆಯೂ ನೋಡಲಿಲ್ಲ.

"ನಾನೇ," ಎಂದರು ಅತ್ತೆ. ಮಗು ಏಳದಿರಲೆಂದು ಆಗಲೂ ಮೆಲ್ಲಗೇ ಹೇಳಿದರು.

ಹೊಲಿಗೆಯವಳು ತಿರುಗಿ ನೋಡಿದಳು. "ನೀವಾ ಅತ್ತೆ? ಕ್ಲಾಸಿಗೆ ಹೋಗು ಅಂತ ನನ್ನ ಕಳಿಸಿದ್ದೇ ನೀವಲ್ವಾ?"

"ಕಲೀಲಿ ಅಂತ ಕಳಿಸಿದೆ ಕಣಮ್ಮ. ರಾತ್ರಿ ಪಾಳಿ ಅಂತ ನೀನು ಹೇಳಿದ ದಿನದಿಂದ ನನಗೆ ಅನ್ನ ಇಳಿದಿಲ್ಲ. ನನ್ನ ಮಗ ರಾತ್ರಿ ಪಾಳಿ ಮುಗಿಸಿ ಬರ್ತಾನೇ ರಸ್ತೇಲಿ ಹೋದ. ನಿನ್ನನ್ನ ಹೇಗೆ ಕಳಿಸ್ಲಿ? ಬೇಡ ಅನ್ನೋಕೂ ಬಾಯಿ ಬರಲಿಲ್ಲ. ಅಷ್ಟು ಆಸೆ ಇಟ್ಕೊಂಡಿದ್ದೆ ನೀನು." ಅತ್ತೆ ಕಣ್ಣೊರೆಸಿಕೊಂಡರು. "ಗೋಡೆ ಮೇಲೆ ನೀನು ಬರೆದಿದ್ದ ಹೋಟೆಲ್ ನಂಬರ್ ಚೀಟೀಲಿ ಬರ್ಕೊಂಡು ಹೋಗಿ ಅಂಗಡಿಯಿಂದ ಮಾಡಿದೆ. ತಪ್ಪಾಯ್ತು."

ಹೊಲಿಗೆಯವಳ ಮುಖದಲ್ಲಿ ಸಿಟ್ಟು ಬಂತು. ಬಂದದ್ದು ಬೇಗ ಹೋಗಲಿಲ್ಲ. ಕೊನೆಗೆ ಅವಳು, "ನನಗೇ ಹೇಳ್ಬಹುದಿತ್ತಲ್ಲ ಅತ್ತೆ," ಎಂದಳು.

"ಹೇಳಿದಾರೆ," ಎಂದರು ಟೀಚರ್. "ಕೊನೆಯ 'ನೋ ಜಾಬ್' ಬಿಟ್ರೆ ಆ ಕರೆಯಲ್ಲಿ ಮಿಕ್ಕಿದ್ದೆಲ್ಲ ನಿನ್ನ ಅಭ್ಯಾಸದ ವಾಕ್ಯ. 'ಅಫ್ರೇಡ್ ಟು' ವಾಕ್ಯದಲ್ಲಿ ನೀನು ಹೆದರ್ತಿದ್ದಿದ್ದು ನಾಯಿಗೆ. ಅದನ್ನ ತೆಗೆದು 'ನೈಟ್ ಡ್ಯೂಟಿ' ಇಟ್ಟವರು ಇವರು. ದನಿ ತಡೆದಿದ್ದೂ ಅಲ್ಲೇ. ಇವರು ಸ್ವಂತವಾಗಿ ಕಟ್ಟಿದ ಒಂದೇ ಇಂಗ್ಲಿಷ್ ವಾಕ್ಯ ಅದು. ಅದೊಂದೇ ನಿಜ."

ಹೊಲಿಗೆಯವಳು ಅತ್ತೆಯ ತೊಡೆಯಿಂದ ಮಗುವಿನ ಕಾಲುಗಳನ್ನು ತನ್ನ ತೊಡೆಗೆ ಎಳೆದುಕೊಂಡಳು. ಅರ್ಧ ಭಾರ ಅವಳ ಕಡೆ ಬಂತು.

ಆಗ ಬಾಯಿ ಬಿಟ್ಟವಳು ಗುಂಗುರು ಹುಡುಗಿ. "ಸರ್, ನನಗೆ ಹಗಲು ಕಾಲೇಜಿದೆ. ರಾತ್ರಿ ಪಾಳಿನೇ ಬೇಕು ಅಂತ ಕೇಳ್ಬೇಕು ಅಂದ್ಕೊಂಡಿದ್ದೆ. ಇಬ್ಬರಿಗೂ ಕೆಲ್ಸ ಆದ್ರೆ ಇವರಿಗೆ ಹಗಲು ಕೊಡಬಹುದಲ್ವಾ?"

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡರು. "ನಾಳೆ ಬನ್ನಿ, ಸಂದರ್ಶನ ಮುಗಿಸೋಣ. ನೀವು ನಿಂತಲ್ಲೇ ಹೇಳಿದ್ರೂ ಕೇಳಿಸ್ಕೊಳ್ಳದೆ ಕಳಿಸಿದ್ದು ನನ್ನ ತಪ್ಪು." ಹೊರಡುವಾಗ ಅತ್ತೆಯತ್ತ ನೋಡಿ, "ಕೇಳಿಯೇ ಇಷ್ಟು ಕಲಿತಿದೀರಲ್ಲಮ್ಮ!" ಎಂದರು. ಅದರಲ್ಲಿ ಕೊಂಕು ಇರಲಿಲ್ಲ.

ಹೊಲಿಗೆಯವಳಿಗೆ ಕೆಲಸ ಸಿಕ್ಕಿತು, ಹಗಲಿನ ಪಾಳಿಯೇ ಸಿಕ್ಕಿತು. ಮುಂದಿನ ವಾರ ನಾದಿನಿ ಬಾಗಿಲು ತೆರೆಯುವಷ್ಟರಲ್ಲಿ ಅತ್ತೆ ಮೆಟ್ಟಿಲ ಮೇಲೆ ಕಾಯುತ್ತ ನಿಂತಿದ್ದರು. ಒಳಗೆ ಬಂದು ಮುಂದಿನ ಸಾಲಿನಲ್ಲೇ ಕೂತು, ತರಗತಿ ತುಂಬುವ ಮೊದಲೇ ಕೇಳಿದರು:

"ಟೀಚರ್, ಸೊಸೆ ಬಗ್ಗೆ ಹೆಮ್ಮೆ ಅನ್ನೋಕೆ ಹೇಗೆ? 'ಪ್ರೌಡ್' ಅಂತ ಗೊತ್ತು. 'ಬಗ್ಗೆ'ಗೆ 'ಅಬೌಟ್' ಹಾಕ್ಬೇಕಾ?"

"ಅಬೌಟ್ ಬೇಡ. 'ಆಫ್' ಹಾಕಿ."

ಅತ್ತೆ ಬೆನ್ನು ನೆಟ್ಟಗೆ ಮಾಡಿಕೊಂಡರು. "ಐ ಆಮ್ ಪ್ರೌಡ್ ಆಫ್ ಹರ್," ಎಂದರು, ಕೆಳಗಿನ ಅಂಗಡಿಗೂ ಕೇಳಿಸುವಷ್ಟು ಗಟ್ಟಿಯಾಗಿ.