ಏಳನೆಯ ಕಂಬಳಿ

ಬೆಳಿಗ್ಗೆ ಡಾಕ್ಟರ್ ಹೇಮಾವತಿ ಹಿತ್ತಲಿಗೆ ಬಂದು ಎಣಿಸಿದರು. ಹಗ್ಗದ ಮೇಲೆ ಒಂಬತ್ತೇ ಕಂಬಳಿ. ಹತ್ತು ಇರಬೇಕಿತ್ತು. ಏಳನೆಯ ನಂಬರಿನದು ಎಲ್ಲಿ?

೧೯೯೮ರ ಜನವರಿ. ಬಬ್ಬೂರಿನ ದಾರಿಯಲ್ಲಿದ್ದ ಆ ಪುಟ್ಟ ಪ್ರಯೋಗಾಲಯದಲ್ಲಿ ನಡೆಯುತ್ತಿದ್ದುದು ಒಂದೇ ಕೆಲಸ — ಯುದ್ಧದ ವಿಷ ತಗುಲಿದ ಉಣ್ಣೆಯನ್ನು ಶುದ್ಧ ಮಾಡುವ ಪುಡಿಯ ಶೋಧ. ಆ ವಿಷದ ಬದಲು ಅದೇ ಜಾತಿಯ ಕೀಟನಾಶಕವನ್ನು ಕಂಬಳಿಗೆ ಸಿಂಪಡಿಸಿ, ಪುಡಿ ಉದುರಿಸಿ, ತೊಳೆದು ಪರೀಕ್ಷಿಸುತ್ತಿದ್ದರು. ಸೋಮವಾರ ಸೈನ್ಯದ ಅಧಿಕಾರಿಗಳು ಬರುವವರಿದ್ದರು.

ಸಬ್ ಇನ್ಸ್‌ಪೆಕ್ಟರ್ ಈರಬಸಪ್ಪ ಬಂದಾಗ ಕಾವಲುಗಾರ ಜುಂಜಯ್ಯ ಒಬ್ಬ ಕುರಿಗಾಹಿಯನ್ನು ಕಳ್ಳನೆಂದು ಹಿಡಿದು ಬೇವಿನ ಮರದಡಿ ಕೂರಿಸಿಕೊಂಡಿದ್ದ. ಹರಿಯಬ್ಬೆಯ ಚಿಕ್ಕತಿಮ್ಮಪ್ಪ.

“ಈ ಕಂಬಳಿ ಯಾರದಪ್ಪ?”

“ನಂದೇ ಸ್ವಾಮಿ. ನನ್ ಹೆಂಡ್ತಿ ನೂತಿದ್ದು. ನಾನು ಬೇಲಿ ದಾಟಿಲ್ರಿ.” ಹೊದ್ದ ಕಂಬಳಿಯನ್ನು ಎದೆಗೆ ಒತ್ತಿಕೊಂಡ.

ಸಹಾಯಕ ರಘುನಾಥ್ ನಕ್ಕ. “ಹೋಗ್ಲಿ ಬಿಡ್ರಿ ಸಾರ್. ಕದ್ದಿದ್ರೂ ಭಯ ಇಲ್ಲ. ಏಳನೇದನ್ನ ನಿನ್ನೆ ಮಧ್ಯಾಹ್ನ ನಾನೇ ಪರೀಕ್ಷೆ ಮಾಡೀನಿ. ಪೂರ್ತಿ ಶುದ್ಧ. ಮಗೂಗೆ ಹೊದಿಸಬಹುದು.”

ಈರಬಸಪ್ಪ ಒಳಗೆ ನಡೆದರು. ಮೂಲೆಯಲ್ಲಿ ಕಸದ ಬುಟ್ಟಿ. ಬಗ್ಗಿ ನೋಡಿ, ಕಸ ಗುಡಿಸುವ ಕಮಲಮ್ಮನನ್ನು ಕರೆದರು.

“ಇದನ್ನ ಖಾಲಿ ಮಾಡಿದ್ದು ಯಾವಾಗಮ್ಮ?”

“ನಿನ್ನೆ ಐದಕ್ಕೆ. ಎಲ್ಲಾ ಕೆಲಸ ಮುಗಿದಿತ್ತು.”

“ಆಮೇಲೆ ಯಾರಿದ್ರು?”

“ರಘುನಾಥ್ ಸಾರ್ ಒಬ್ರೇ. ಮೇಡಂ ದುರ್ಗಕ್ಕೆ ಹೋಗಿದ್ರು.”

“ಗ್ಲೌಸಿನ ಬೀರು ಕೀಲಿ?”

“ಅವರಿಬ್ರ ಹತ್ರಾನೇ ಐತೆ.”

ಈರಬಸಪ್ಪ ಪ್ರಯೋಗಾಲಯದವರನ್ನೆಲ್ಲ ಒಳಗೆ ಕರೆಸಿದರು.

“ಎಲ್ರೂ ಹಗ್ಗ ನೋಡಿದ್ರಿ. ಬುಟ್ಟಿ ನೋಡ್ಲಿಲ್ಲ. ಅದರಾಗೆ ಒಂದು ಜೊತೆ ಗ್ಲೌಸು ಅವೆ — ಒಳಮಗ್ಗಲು ಹೊರಗೆ ತಿರುವಿ ಬಿಚ್ಚಿದ್ದು. ಹೊರಮೈ ಕೈಗೆ ತಾಗಬಾರದು ಅಂತ. ಚಳಿಗೆ ಕಂಬಳಿ ಕದಿಯೋನು ಹಂಗೆ ಮಾಡ್ತಾನಾ? ಬೀರು ಕೀಲಿ ಅವನಿಗೆಲ್ಲಿ ಸಿಗ್ತದೆ? ರಘುನಾಥ್, ಮಗೂಗೆ ಹೊದಿಸೋ ಕಂಬಳೀನ ನೀವು ಗ್ಲೌಸು ಹಾಕ್ಕಂಡು ಯಾಕೆ ಮುಟ್ಟಿದ್ರಿ?”

ರಘುನಾಥ್ ಸ್ಟೂಲಿನ ಮೇಲೆ ಕುಸಿದು ಕುಳಿತ.

“ಅದನ್ನ ಹಿತ್ತಲ ಸುಣ್ಣದ ಗುಂಡೀಲಿ ಹೂತುಬಿಟ್ಟೆ. ಒಂಬತ್ತು ಶುದ್ಧ ಬಂದ್ವು. ಏಳನೇದ್ರಲ್ಲಿ ಮಾತ್ರ ಪರೀಕ್ಷೆ ಕಾಗದ ಕೆಂಪಾಯ್ತು. ಮೂರು ವರ್ಷದ ಕೆಲಸ, ಮೇಡಂ... ಹತ್ತರಲ್ಲಿ ಒಂದೇ ಒಂದು!”

ಹೇಮಾವತಿ ಕಿಟಕಿಯಾಚೆ, ಮರದಡಿ ಕುಳಿತವನನ್ನು ನೋಡಿದರು.

“ಜುಂಜಯ್ಯ, ಅವರನ್ನ ಕಳಿಸು. ಬೇಡ, ಇರು — ನಾನೇ ಬಂದು ತಪ್ಪಾಯ್ತು ಅಂತೀನಿ.” ಆಮೇಲೆ ರಘುನಾಥನ ಕಡೆ ತಿರುಗಿದರು. ದನಿ ಏರಲಿಲ್ಲ.

“ಹತ್ತು ಕಂಬಳೀಲಿ ಒಂದಲ್ಲ ರಘು. ಹತ್ತು ಸಿಪಾಯಿಗಳಲ್ಲಿ ಒಬ್ಬ.”

ಅವರು ಫೋನೆತ್ತಿ ಸೈನ್ಯದ ಕಚೇರಿಯ ನಂಬರು ತಿರುಗಿಸಿದರು.