ಒಗ್ಗಿದ ಮೈ

ಬೆಳಗಿನ ಚಹಾ ಮುಗಿದೊಡನೆ ಫಕೀರಪ್ಪ ಎಡಗೈ ಚಾಚುತ್ತಿದ್ದ. ಹೆಂಡತಿ ಗಂಗವ್ವ ಹಳೆಯ ಸಹನಾಪಟ್ಟಿಯನ್ನು ಕಿತ್ತು ಹೊಸದನ್ನು ಅಂಟಿಸುತ್ತಿದ್ದಳು. ರೂಪಾಯಿ ನಾಣ್ಯದಷ್ಟು ಅಗಲದ ಆ ಪಟ್ಟಿಯೊಳಗೆ ಇದ್ದದ್ದು ಅವಳದೇ ಚರ್ಮದಿಂದ ತೆಗೆದ ಪ್ರೋಟೀನು. ಬೆಟಗೇರಿಯ ಈ ನೇಕಾರನ ಎರಡೂ ಮೂತ್ರಪಿಂಡಗಳು ಕೆಟ್ಟಿದ್ದವು. ತನ್ನದೊಂದನ್ನು ಕೊಡಲು ಗಂಗವ್ವ ಸಿದ್ಧಳಿದ್ದಳು. ಅದಕ್ಕೂ ಮೊದಲು ಅವನ ಮೈ ಒಪ್ಪಬೇಕಿತ್ತು.

ಮೈ ಎಂಬುದು ಬಲು ಸಂಶಯದ ಪ್ರಾಣಿ. ಮೂವತ್ತು ವರ್ಷ ಜೊತೆಗೆ ಬಾಳಿದವಳ ಅಂಗವೇ ಆಗಲಿ, ಹೊರಗಿನದೆಂದರೆ ಮುಗಿಯಿತು, ರಕ್ತದ ಕಾವಲುಕಣಗಳು ಅದರ ಮೇಲೆ ಮುಗಿಬೀಳುತ್ತವೆ. ಇಪ್ಪತ್ತೊಂದನೆಯ ಶತಮಾನದ ಮೊದಲ ಭಾಗದಲ್ಲಿ ಈ ಕಣಗಳನ್ನು ಗುಳಿಗೆ ನುಂಗಿಸಿ ಜೀವನವಿಡೀ ಮಂಕಾಗಿ ಇಡುತ್ತಿದ್ದರು. ಡಾ. ವಿಭಾವರಿ ದೇಸಾಯಿ ಕಂಡುಹಿಡಿದ ದಾರಿ ಬೇರೆ. ಗಾಯವಿಲ್ಲದ ಚರ್ಮದ ಮೂಲಕ ದಿನವೂ ಚೂರುಚೂರೇ ಒಳಸೇರುವ ಪ್ರೋಟೀನನ್ನು ದೇಹ ಶತ್ರುವೆಂದು ಎಣಿಸುವುದಿಲ್ಲ; ಬದಲಿಗೆ ಜಗಳ ಬಿಡಿಸುವ ಶಮನಕಣಗಳನ್ನು ಹುಟ್ಟಿಸುತ್ತದೆ. ಹತ್ತು ತಿಂಗಳು ಪಟ್ಟಿ ಅಂಟಿಸಿದರೆ ಸಾಕು, ಗುಳಿಗೆಯ ಗೊಡವೆಯೇ ಇಲ್ಲ.

ಹಾಗೆಯೇ ಆಯಿತು. ಗಂಗವ್ವನ ಮೂತ್ರಪಿಂಡ ಫಕೀರಪ್ಪನ ಹೊಟ್ಟೆಯಲ್ಲಿ ತವರಿಗೆ ಬಂದ ಮಗಳಂತೆ ನೆಮ್ಮದಿಯಾಗಿ ಕೂತಿತು. ಅವನು ಮತ್ತೆ ಮಗ್ಗದ ಕುಣಿಗೆ ಇಳಿದ.

ನಾಲ್ಕು ವರ್ಷ ಕಳೆದ ಮೇಲೆ ಗಂಗವ್ವನ ಹಿಮ್ಮಡಿಯ ಕರಿಮಚ್ಚೆ ಹುಣ್ಣಾಯಿತು. ಮುಳ್ಳು ಮುರಿದಿರಬೇಕೆಂದು ಅವಳು ಬಿಸಿ ಎಣ್ಣೆ ಹಚ್ಚಿಕೊಳ್ಳುತ್ತ ದಿನ ದೂಡಿದಳು. ಅದು ಚರ್ಮದ ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಕೈಮೀರಿತ್ತು. ಮೂರೇ ತಿಂಗಳಲ್ಲಿ ಹೋಗಿಬಿಟ್ಟಳು. ಫಕೀರಪ್ಪ ಆ ವರ್ಷ ಮಗ್ಗ ಮುಟ್ಟಲಿಲ್ಲ.

ಮುಂದಿನ ತಪಾಸಣೆಯಲ್ಲಿ ಅವನೊಳಗಿನ ಮೂತ್ರಪಿಂಡದಲ್ಲೂ ಕಪ್ಪು ಗಂಟುಗಳು ಕಂಡವು.

“ಇದು ನಿಮ್ಮ ರೋಗ ಅಲ್ರಿ, ಗಂಗವ್ವ ಅವರದು,” ಎಂದರು ವಿಭಾವರಿ. “ಶಸ್ತ್ರಚಿಕಿತ್ಸೆಗಿಂತ ಮೊದಲೇ ಒಂದೆರಡು ಕ್ಯಾನ್ಸರ್ ಕಣ ಅದರಾಗ ಮಲಗಿದ್ವು. ನಮ್ಮ ಕಣ್ಣಿಗೆ ಬೀಳಲಿಲ್ಲ.”

“ಮತ್ತ ನನ್ನ ಮೈ ಯಾಕ ಸುಮ್ಮನ ಬಿಟ್ಟೈತ್ರಿ?”

“ಆಕೀದು ಏನ್ ಬಂದ್ರೂ ಸುಮ್ಮನಿರು ಅಂತ ನಾನೇ ಅದಕ್ಕ ಕಲಿಸೀನಲ್ರಿ.” ಇಷ್ಟು ವರ್ಷಗಳ ಪ್ರಯೋಗದಲ್ಲಿ ಇದೊಂದು ಅವರಿಗೆ ಹೊಳೆದೇ ಇರಲಿಲ್ಲ. “ಗುಳಿಗಿ ನುಂಗೋರಾಗಿದ್ರ ಗುಳಿಗಿ ನಿಲ್ಲಿಸಿಬಿಡ್ತಿದ್ವಿ. ಮೈ ತಾನೇ ಎದ್ದು ರೋಗ ಓಡಿಸ್ತಿತ್ತು. ನಿಮಗ ನಿಲ್ಲಿಸಲಿಕ್ಕ ಏನೂ ಇಲ್ಲ.”

ಗಂಟುಗಳು ಶ್ವಾಸಕೋಶಕ್ಕೂ ಹರಡಿದ್ದರಿಂದ ಮೂತ್ರಪಿಂಡವನ್ನು ಕೊಯ್ದು ತೆಗೆದರಷ್ಟೇ ಸಾಲುತ್ತಿರಲಿಲ್ಲ. ಒಂದು ದಾರಿ ಉಳಿದಿತ್ತು. ಆಸ್ಪತ್ರೆಯಲ್ಲಿ ಕಾದಿಟ್ಟಿದ್ದ ಗಂಗವ್ವನ ಅದೇ ಪ್ರೋಟೀನನ್ನು ಗೀರಿದ ಚರ್ಮದ ಮೇಲೆ, ಹಸಿಗಾಯದ ಮೇಲೆ ಹಚ್ಚಿದರೆ ದೇಹ ಅದನ್ನು ಅಪಾಯವೆಂದು ತಿಳಿಯುತ್ತದೆ, ಕಲಿತ ಸಹನೆಯನ್ನು ಮರೆಯುತ್ತದೆ. ಆಗ ಕಾವಲುಕಣಗಳು ಗಂಟುಗಳನ್ನೂ ತಿನ್ನುತ್ತವೆ, ಮೂತ್ರಪಿಂಡವನ್ನೂ ತಿನ್ನುತ್ತವೆ. ಆಮೇಲೆ ವಾರಕ್ಕೆ ಮೂರು ಸಲ ಯಂತ್ರದಲ್ಲಿ ರಕ್ತ ತೊಳೆಸಿಕೊಳ್ಳುವ ಬಾಳು.

“ಆಕೀನ ಮನಿ ಬಿಟ್ಟು ಹೊರಗ ಹಾಕಿದಂಗ ಆತಲ್ರಿ. ನಾ ಒಲ್ಲೆ,” ಎಂದ ಫಕೀರಪ್ಪ.

ಮಗಳು ಕಸ್ತೂರಿ ಅವನೆದುರು ಬಂದು ನಿಂತಳು. “ನೀ ಬದುಕಲಿ ಅಂತ ಅವ್ವ ಕೊಟ್ಟಾಳ ಅಪ್ಪಾ, ಸಾಯಲಿ ಅಂತ ಅಲ್ಲ.”

ಅವನು ತಲೆ ತಗ್ಗಿಸಿ ಕೈ ಮುಂದೆ ಮಾಡಿದ.

ಸೂಜಿಯಿಂದ ಗೀರಿ ಹಚ್ಚುವ ಕೆಲಸ ಇಪ್ಪತ್ತೆರಡು ದಿನ ನಡೆಯಿತು. ಚರ್ಮ ಕೆಂಪಾಗಲೇ ಇಲ್ಲ. ತೋಳು ನೋಡಿ ನೋಡಿ ವಿಭಾವರಿ ಕಂಗೆಡುತ್ತಿದ್ದರೆ ಫಕೀರಪ್ಪನಿಗೆ ಒಳಗೊಳಗೇ ಸಮಾಧಾನ. ಇಪ್ಪತ್ತಮೂರನೆಯ ದಿನ ತೋಳಿನ ತುಂಬ ದದ್ದೆದ್ದಿತು, ತಡೆಯಲಾರದ ತುರಿಕೆ.

“ಗೆದ್ವಿ ಫಕೀರಪ್ಪ ಅವರ!” ಎಂದರು ವಿಭಾವರಿ.

ಫಕೀರಪ್ಪ ಬಿಕ್ಕಿ ಬಿಕ್ಕಿ ಅತ್ತ.

ಎರಡು ತಿಂಗಳಲ್ಲಿ ಗಂಟುಗಳು ಕರಗಿದವು. ಗಂಗವ್ವನ ಮೂತ್ರಪಿಂಡವೂ ಸತ್ತಿತು, ಅದನ್ನು ತೆಗೆದುಹಾಕಿದರು. ತೋಳಿನ ದದ್ದು ಮಾತ್ರ ಮಾಯಲಿಲ್ಲ. ರಕ್ತ ತೊಳೆಯುವ ಯಂತ್ರದ ಪಕ್ಕ ಮಲಗಿದ್ದ ಅವನ ಕೈಗೆ ವಿಭಾವರಿ ಒಂದು ಮುಲಾಮು ಕೊಟ್ಟರು.

“ಇದನ್ನ ಹಚ್ಚಿಕೊಳ್ರಿ. ವಾರದಾಗ ತುರಿಕಿ ಹೋಗ್ತದ.”

ಅವನು ಮುಲಾಮನ್ನು ಹಿಂದಿರುಗಿಸಿ, ದದ್ದೆದ್ದ ತೋಳನ್ನು ಎದೆಗೆ ಒತ್ತಿಕೊಂಡ.

“ಬ್ಯಾಡ್ರಿ ಅಕ್ಕಾರ. ಆಕೀದು ಅಂತ ನನ್ನ ಮೈಯಾಗ ಇದೊಂದ ಉಳದೈತಿ. ತುರಸಲಿ ಬಿಡ್ರಿ.”